ಮೊದಲು ನಿಲ್ಲಿಸುವುದು, ಆಮೇಲೆ ವಿಚಾರಿಸುವುದು

ನಿನ್ನೆ ನಮ್ಮ ಜಿಲ್ಲೆಯ ಒಂದು ಕಂದಾಯ ಕಚೇರಿಯಿಂದ ಹೊರಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ಕಚೇರಿಯ ಹೆಸರು ಬರೆಯುವುದಿಲ್ಲ. ಅಲ್ಲಿ ಕಡತ ನೋಡುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಪಾಪ, ಅವರ ಮೇಜಿನ ಮೇಲಿನ ರಾಶಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಸಿಟ್ಟು ಇರುವುದು ಸಂಧ್ಯಾ ಸುರಕ್ಷಾ ಎಂಬ ವೃದ್ಧರ ಮಾಸಾಶನ, ವಿಧವಾ ವೇತನ, ಅಂಗವಿಕಲರ ಮಾಸಾಶನಗಳನ್ನು ಮೊದಲು ನಿಲ್ಲಿಸಿ, ನಿಲ್ಲಿಸಿದ್ದು ಸರಿಯೇ ತಪ್ಪೇ ಎಂಬುದನ್ನು ತಿಂಗಳುಗಟ್ಟಲೆ ಆದಮೇಲೆ ವಿಚಾರಿಸುವ ಪದ್ಧತಿಯ ಮೇಲೆ.

ನಿವೃತ್ತಿಯ ನಂತರ ನಾನು ಅರ್ಜಿ, ಮೇಲ್ಮನವಿ ಬರೆದುಕೊಡುತ್ತ ಕಚೇರಿಗಳನ್ನು ಸುತ್ತುವುದು ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ಜೊತೆಗಿದ್ದವರು ಘಟ್ಟದ ಅಂಚಿನ ಹಳ್ಳಿಯೊಂದರ ಹಿರಿಯ ಹೆಂಗಸು. ಅಡಿಕೆ ಸುಲಿದು ಸುಲಿದು ಅವರ ಹೆಬ್ಬೆರಳಿನ ಗೆರೆಗಳೇ ಸವೆದು ಹೋಗಿವೆ, ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳನ್ನು ಸುಲಭಕ್ಕೆ ಗುರುತಿಸುವುದಿಲ್ಲ. ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಬರುತ್ತಿತ್ತು. 14 ತಿಂಗಳಿಂದ ಪಾಸ್‌ಬುಕ್ಕಿನಲ್ಲಿ ಆ ಸಾಲು ಕಾಣಿಸಿಲ್ಲ. ನಾಡಕಚೇರಿಯಲ್ಲಿ ಬಾಯಿಮಾತಿನಲ್ಲಿ ತಿಳಿದ ಕಾರಣವೆಂದರೆ, ಆಧಾರ್‌ನಲ್ಲಿ ಅವರ ಜನ್ಮದಿನಾಂಕ 1967ರ ಜನವರಿ 1 ಎಂದಿದೆ, ಹಾಗಾಗಿ ಅರವತ್ತೂ ತುಂಬಿಲ್ಲ.

ನಮ್ಮ ಹಳ್ಳಿಗಳ ಹಿರಿಯರಲ್ಲಿ ಎಷ್ಟೊಂದು ಜನ ಆಧಾರ್ ಪ್ರಕಾರ ಜನವರಿ 1ರಂದೇ ಹುಟ್ಟಿದ್ದಾರೆ ಎಂಬುದನ್ನು ನಿಮ್ಮ ನಿಮ್ಮ ಮನೆಯಲ್ಲೇ ನೋಡಬಹುದು. ಜನನ ದಾಖಲೆ ಇಲ್ಲದವರ ವಯಸ್ಸನ್ನು ನೋಂದಣಿ ಶಿಬಿರದಲ್ಲಿ ಅಂದಾಜಿನ ಮೇಲೆ ಬರೆದುಕೊಂಡರು. ಅಂದಾಜು ಎಂದು ಗುರುತು ಹಾಕಲು ಆ ವ್ಯವಸ್ಥೆಯಲ್ಲಿಯೇ ಅವಕಾಶವಿದೆ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಸನ್ನು ನಿರ್ಧರಿಸಲು ಆಧಾರ್ ಸೂಕ್ತ ದಾಖಲೆಯಲ್ಲ ಎಂದು ಹೇಳಿತು. ಇಷ್ಟಿದ್ದೂ ಈ ಅಕ್ಕನ ಮಾಸಾಶನ ನಿಂತದ್ದು ಅದೇ ಅಂದಾಜಿನ ಆಧಾರದ ಮೇಲೆ. ಅವರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ ತಂದಿದ್ದ ಕಾಗದಗಳಲ್ಲಿ ಹಿರಿಯ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಇತ್ತು. ಮಗ ಹುಟ್ಟಿದ್ದು 1976ರಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಾಯಿ ಒಂಬತ್ತನೆಯ ವಯಸ್ಸಿನಲ್ಲಿ ಹೆತ್ತಂತಾಗುತ್ತದೆ. ಈ ಎರಡು ಹಾಳೆಗಳನ್ನು ನೋಡಿ ತೀರ್ಮಾನಿಸಲು ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ಇನ್ನೂ ಅವರ ಪಾಲಿಗೆ ಬಂದಿಲ್ಲ.

ನಿನ್ನೆಯೂ ಬರಲಿಲ್ಲ. ಮೇಲ್ಮನವಿ ಕೇಳಬೇಕಿದ್ದ ಉಪವಿಭಾಗಾಧಿಕಾರಿ ಸಾಹೇಬರು ವಿಡಿಯೋ ಕಾನ್ಫರೆನ್ಸಿನಲ್ಲಿದ್ದಾರೆ, ಪ್ರಕರಣಗಳನ್ನೆಲ್ಲ ಮುಂದಕ್ಕೆ ಹಾಕಲಾಗಿದೆ ಎಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ನಾನು ವಾದಿಸಲು ಹೊರಟಾಗ ಆ ಅಕ್ಕನೇ ತಡೆದು, “ಬಿಡಿ ಮೇಷ್ಟ್ರೇ, ಬಸ್ಸಿಗೆ ಹೊತ್ತಾತು, ತಾರೀಖು ಬರೆಸ್ಕಂಡು ಬನ್ನಿ” ಎಂದರು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಅವರ ಊರಿಗೆ ಹೋಗುವುದು ಖಾಸಗಿ ಬಸ್ಸು. ನಿಂತುಹೋದ ಮಾಸಾಶನವನ್ನು ಕೇಳಲು ಬರುವುದಕ್ಕೂ ಸಾಲ ಮಾಡಬೇಕು.

ಈ ಮೇಲ್ಮನವಿ ಸಲ್ಲಿಸುವುದೇ ಒಂದು ಸಾಹಸ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೇಲ್ಮನವಿಗೆ ಕೆಳಗಿನ ಆದೇಶದ ಪ್ರತಿ ಬೇಕು. ಇವರಿಗೆ ಆದೇಶವನ್ನೇ ಕೊಟ್ಟಿರಲಿಲ್ಲ. ಖಾತೆಗೆ ಹಣ ಬರುವುದು ನಿಂತಿತು, ಅಷ್ಟೆ. ಏಕೆ ನಿಂತಿತೆಂದು ಕೇಳಿ ಅರ್ಜಿ ಕೊಟ್ಟು, ಅದಕ್ಕೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಪಡೆದು, ಆದೇಶದ ನಕಲಿಗೆ ಮತ್ತೆ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ. ಹೊಸ ಅರ್ಜಿ ಹಾಕಿದವರಿಗಾದರೂ, ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಸಂಖ್ಯೆಯೊಂದು ಸಿಗುತ್ತದೆ; 2011ರ ಆ ಕಾಯ್ದೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ಕೊಡುತ್ತಿದ್ದುದನ್ನು ಕಿತ್ತುಕೊಂಡಾಗ ಅಂಥ ಸಂಖ್ಯೆಯಾಗಲಿ, ದಿನದ ಲೆಕ್ಕವಾಗಲಿ ಇವರ ಕೈಗೆ ಬರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆಣಕುವುದು ಮುಂದಿನ ವಿಷಯ. ಇದೇ ಉಪವಿಭಾಗಾಧಿಕಾರಿಗಳು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ನ್ಯಾಯಮಂಡಳಿಯ ಮುಖ್ಯಸ್ಥರೂ ಹೌದು. ಮಗ ತನ್ನನ್ನು ನೋಡಿಕೊಳ್ಳುತ್ತಿಲ್ಲವೆಂದು ತಾಯಿ ಅಲ್ಲಿಗೆ ಹೋದರೆ, ಮಗನಿಗೆ ನೋಟಿಸು ತಲುಪಿದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು; ವಿಶೇಷ ಕಾರಣವಿದ್ದರೆ, ಅದನ್ನು ಬರೆದಿಟ್ಟು, ಒಂದೇ ಒಂದು ಸಲ 30 ದಿನ ಹೆಚ್ಚಿಸಬಹುದು. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೊಡಿಸುವ ಅಧಿಕಾರವೂ ಇದೆ. ಅಂದರೆ ಮುದಿ ಜೀವಕ್ಕೆ ಕಾಯುವಷ್ಟು ಕಾಲವಿರುವುದಿಲ್ಲ ಎಂಬುದನ್ನು ಕಾನೂನು ಬಲ್ಲದು. ಕೊಡಬೇಕಾದವನು ಮಗನಾದರೆ ದಿನ ಎಣಿಸುವ ಸರ್ಕಾರ, ಕೊಡಬೇಕಾದವನು ತಾನೇ ಆದಾಗ ಅದೇ ಕೊಠಡಿಯಲ್ಲಿ, ಅದೇ ಅಧಿಕಾರಿಯ ಮುಂದೆ, ಅದೇ ವಯಸ್ಸಿನ ತಾಯಿಯನ್ನು 14 ತಿಂಗಳು ಬರಿಗೈಯಲ್ಲಿ ಕಾಯಿಸುತ್ತದೆ. ಇದಕ್ಕೆ ಸಮರ್ಥನೆ ಏನು? ನನಗೆ ನಿಜವಾಗಿಯೂ ಉತ್ತರ ಬೇಕಾಗಿದೆ.

ಒಂದು ಮಾತನ್ನು ಹೇಳಿಕೊಳ್ಳಲೇಬೇಕು. ನನ್ನ ಪಿಂಚಣಿ ಪ್ರತಿ ತಿಂಗಳು ಬರುತ್ತದೆ. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಟ್ಟರೆ ವರ್ಷದ ಚಿಂತೆ ಕಳೆಯಿತು. ಅದನ್ನು ತಡೆಹಿಡಿಯಬೇಕಾದರೆ ನಿಯಮವಿದೆ, ವಿಚಾರಣೆಯಿದೆ, ನನ್ನ ಪರ ಮಾತನಾಡುವ ಸಂಘವಿದೆ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದಿತು. ನಾವು ನಿವೃತ್ತರು ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸಿ, ಹಾರ ಹಾಕಿಸಿಕೊಂಡು, ಊಟ ಮಾಡಿ ಬರುತ್ತೇವೆ. ನಿನ್ನೆ ಆ ಕಾರಿಡಾರಿನ ಬೆಂಚಿನ ಮೇಲೆ ಆ ಅಕ್ಕನ ಪಕ್ಕದಲ್ಲಿ ಕುಳಿತಿದ್ದಾಗ ನನಗೆ ತಲೆ ಎತ್ತಲಾಗಲಿಲ್ಲ. ಜೀವಮಾನವಿಡೀ ಕಂಡವರ ತೋಟದಲ್ಲಿ ದುಡಿದ ಅವರ 1,200 ರೂಪಾಯಿ ನನ್ನ ಪಿಂಚಣಿಗಿಂತ ಯಾವ ರೀತಿಯಲ್ಲಿ ಕಡಿಮೆ ಹಕ್ಕಿನದು?

ಅನರ್ಹರು ಸೇರಿಕೊಂಡಿದ್ದಾರೆ, ವಯಸ್ಸು ತಿದ್ದಿ ಮಾಸಾಶನ ಪಡೆದವರಿದ್ದಾರೆ, ತಪಾಸಣೆ ಮಾಡಬಾರದೇ ಎಂದು ಕೆಲವರು ಕೇಳುತ್ತೀರಿ. ಮಾಡಲಿ. ಸುಳ್ಳು ಹೇಳಿ ಪಡೆದವರನ್ನು ನಾನೂ ಬಲ್ಲೆ, ಅವರ ಪರವಾಗಿ ಒಂದಕ್ಷರವನ್ನೂ ಬರೆದುಕೊಟ್ಟಿಲ್ಲ. ಆದರೆ ತಪಾಸಣೆಯೆಂದರೆ ನೋಟಿಸು ಕೊಟ್ಟು, ಗ್ರಾಮ ಆಡಳಿತಾಧಿಕಾರಿ ಮನೆಗೆ ಹೋಗಿ, ಅಕ್ಕಪಕ್ಕದವರನ್ನು ಕೇಳಿ, ಕಾಗದ ನೋಡಿ ವರದಿ ಬರೆಯುವುದು. ಗಣಕಯಂತ್ರದಲ್ಲಿ ಎರಡು ದಿನಾಂಕ ತಾಳೆಯಾಗಲಿಲ್ಲವೆಂದು ಅನ್ನದ ದುಡ್ಡನ್ನೇ ನಿಲ್ಲಿಸುವುದನ್ನು ತಪಾಸಣೆ ಎನ್ನಲು ಬರುವುದಿಲ್ಲ. ಕಳ್ಳನೆಂದು ಹಿಡಿದವನಿಗೂ ಶಿಕ್ಷೆಗೆ ಮೊದಲು ವಿಚಾರಣೆ ಇದೆ. “1,200 ರೂಪಾಯಿಗೆ ಇಷ್ಟೆಲ್ಲ ಓಡಾಟವೇ ಸಾರ್” ಎಂದು ನಿನ್ನೆ ಒಬ್ಬರು ವಕೀಲರು ಕೇಳಿದರು. ಬಿ.ಪಿ. ಮಾತ್ರೆ, ಕಾಫಿಪುಡಿ, ಬೆಲ್ಲ, ಮೊಮ್ಮಗಳ ಕೈಗೆ ಹತ್ತು ರೂಪಾಯಿ, ಸೊಸೆಯ ಮುಂದೆ ಕೈಚಾಚದೆ ಬದುಕುವ ಮರ್ಯಾದೆ, ಇವಿಷ್ಟೂ ಆ ಮೊತ್ತದೊಳಗಿವೆ.

ಉಪವಿಭಾಗಾಧಿಕಾರಿಗಳಿಗೆ ಕೆಲಸ ವಿಪರೀತ ಎಂಬುದನ್ನು ಒಪ್ಪುತ್ತೇನೆ. ಶಿವಮೊಗ್ಗ, ಸಾಗರ ಎಂಬ ಎರಡೇ ಉಪವಿಭಾಗಗಳು ಜಿಲ್ಲೆಯ ಏಳು ತಾಲ್ಲೂಕುಗಳನ್ನು ಹೊತ್ತಿವೆ. ಖಾತೆ ತಕರಾರು, ಪಹಣಿ ತಿದ್ದುಪಡಿ, ಪಿಟಿಸಿಎಲ್ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ಕುರಿತ) ಪ್ರಕರಣ, ಚುನಾವಣೆ, ಮಳೆಗಾಲ ಬಂತೆಂದರೆ ಗುಡ್ಡ ಕುಸಿತ, ನೆರೆ. ಭೂಮಿಯ ವ್ಯಾಜ್ಯಕ್ಕೆ ಎರಡೂ ಕಡೆ ವಕೀಲರಿರುತ್ತಾರೆ, ತಾರೀಖಿಗೆ ಒತ್ತಾಯಿಸುತ್ತಾರೆ. ಮಾಸಾಶನದ ಕಡತದ ಪರವಾಗಿ ಬೆಂಚಿನ ಮೇಲೆ ಒಬ್ಬ ಮುದುಕಿ ಕುಳಿತಿರುತ್ತಾರೆ, ಅಷ್ಟೆ. ಅದಕ್ಕಾಗಿಯೇ ಇವುಗಳನ್ನು ಭೂ ವ್ಯಾಜ್ಯಗಳ ಸಾಲಿನಿಂದ ಬೇರ್ಪಡಿಸಿ, ತಿಂಗಳಿಗೊಂದು ದಿನವನ್ನು ಇವಕ್ಕೆಂದೇ ಮೀಸಲಿಟ್ಟು, ಆಯಾ ಹೋಬಳಿಯ ನಾಡಕಚೇರಿಯಲ್ಲಿಯೇ ಕುಳಿತು ಮುಗಿಸಬೇಕೆಂದು ನಾನು ಕೇಳುವುದು.

ಜಿಲ್ಲಾಧಿಕಾರಿಗಳಿಗೆ ಕೊಡಲು ಮನವಿ ಸಿದ್ಧಪಡಿಸಿದ್ದೇನೆ. ಲಿಖಿತ ನೋಟಿಸು ಮತ್ತು ಆದೇಶವಿಲ್ಲದೆ ಯಾರ ಮಾಸಾಶನವನ್ನೂ ನಿಲ್ಲಿಸಬಾರದು, ಮೇಲ್ಮನವಿ ತೀರ್ಮಾನವಾಗುವವರೆಗೆ ಪಾವತಿ ಮುಂದುವರಿಯಬೇಕು, ಮೇಲ್ಮನವಿಯನ್ನು 90 ದಿನಗಳಲ್ಲಿ ಮುಗಿಸಬೇಕು, ಗೆದ್ದವರಿಗೆ ನಿಂತ ತಿಂಗಳಿಂದಲೇ ಬಾಕಿ ಸಲ್ಲಬೇಕು ಎಂದು ಅದರಲ್ಲಿದೆ. ಈ ಅಕ್ಕನಿಗೆ ಇವತ್ತಿನವರೆಗೆ ಸಲ್ಲಬೇಕಾದ ಬಾಕಿ 16,800 ರೂಪಾಯಿ. ನಿಮ್ಮ ಊರಿನಲ್ಲಿ ಹೀಗೆ ನಿಂತುಹೋದವರಿದ್ದರೆ ಪಾಸ್‌ಬುಕ್, ಆಧಾರ್, ಮತದಾರರ ಚೀಟಿ, ಮಕ್ಕಳ ಶಾಲಾ ದಾಖಲೆಗಳ ಪ್ರತಿ ಹಿಡಿದು ಬರಲು ಹೇಳಿ, ಮೇಲ್ಮನವಿ ಬರೆದುಕೊಡುತ್ತೇನೆ. ಮನವಿಗೆ ಸಹಿ ಹಾಕುವವರು ಭಾನುವಾರದೊಳಗೆ ತಿಳಿಸಿ. ಸೋಮವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ಹೊರಡುತ್ತೇನೆ.