ದೇವರಿಗೂ ಬೇಡದ ಚಿಲ್ಲರೆ

ಜುಲೈ ತಿಂಗಳಲ್ಲಿ ಸೋಮವಾರಪೇಟೆ ಕಡೆ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ತೋಟಕ್ಕೆ ಇಳಿದರೆ ಜಿಗಣೆ. ಮಳೆ ಹೀಗೆ ಮನೆಯಲ್ಲಿ ಕೂರಿಸಿದಾಗ ಕೆಲವರಿಗೆ ಅಟ್ಟ ಹತ್ತುವ ಬುದ್ಧಿ ಬರುತ್ತದೆ. ನಮ್ಮ ಯಜಮಾನರಿಗೂ ಬಂತು. ಹತ್ತಿದ್ದು ಗೋಣಿಚೀಲ ಹುಡುಕಲು. ಇಳಿದದ್ದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬದ ಜೊತೆ.

ಮುಚ್ಚಳ ಎಬ್ಬಿಸಲು ಸ್ಕ್ರೂಡ್ರೈವರ್ ಬೇಕಾಯಿತು. ಒಳಗೆ ಅರಿಸಿನದ ಬಟ್ಟೆ. ಬಟ್ಟೆಯೊಳಗೆ ಚೌಕದ ಒಂದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಂಚೆಲ್ಲ ಅಲೆ ಅಲೆಯಾಗಿರುವ ಹತ್ತು ಪೈಸೆ, ಖಡ್ಗಮೃಗದ ನಾಲ್ಕಾಣೆ, ಒಂದಷ್ಟು ಎಂಟಾಣೆ. ಅಲ್ಯೂಮಿನಿಯಂ ನಾಣ್ಯಗಳಿಗೆ ಬಿಳೀ ಪುಡಿ ಹಿಡಿದಿತ್ತು. ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು.

"ಅಯ್ಯೋ, ಅದು ಮುಡಿಪು ಕಣೋ! ಧರ್ಮಸ್ಥಳಕ್ಕೆ ಅಂತ ಕಟ್ಟಿಟ್ಟಿದ್ದು" ಎಂದರು ಅತ್ತೆ. ಯಾವ ಹರಕೆ ಅನ್ನೋದು ಅವರಿಗೇ ನೆನಪಿಲ್ಲ. ಮಗ ಎಸ್ಸೆಸ್ಸೆಲ್ಸಿ ಪಾಸಾಗಲಿ ಅಂತ ಇರಬೇಕು ಎಂದು ನನ್ನ ಅನುಮಾನ. ಮಗ ಪಾಸಾಗಿದ್ದಾರೆ, ದೇವರ ಬಾಕಿ ಅಟ್ಟದಲ್ಲೇ ಉಳಿದಿದೆ.

"ಅಮ್ಮಾ, 2011ರ ಜೂನ್ 30ರಿಂದ ನಾಲ್ಕಾಣೆ, ಅದಕ್ಕಿಂತ ಚಿಕ್ಕದು ಯಾವುದೂ ನಡೆಯಲ್ಲ. ಹುಂಡಿಗೆ ಹಾಕಿದ್ರೆ ದೇವರು ಏನು ಮಾಡ್ಬೇಕು?"

"ರಿಸರ್ವ್ ಬ್ಯಾಂಕಿನವರು ನಿಮಗೆ ಹೇಳಿರೋದು. ಮಂಜುನಾಥಸ್ವಾಮಿಗೂ ಹೇಳಿದ್ದಾರಾ?"

ಇದಕ್ಕೆ ಯಾರು ಉತ್ತರ ಕೊಡ್ತಾರೆ?

ಅಷ್ಟರಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದು, ನನ್ನ ಮಗನ ಫೋನಿನಲ್ಲಿ ವಿಡಿಯೋ ಓಡಿತು. ಖಡ್ಗಮೃಗದ ನಾಲ್ಕಾಣೆ ಇದ್ದವರು ಲಕ್ಷಾಧಿಪತಿಗಳಂತೆ. ಯಜಮಾನರು ಕೊಡೆ ಹಿಡಿದು ಸಿಗ್ನಲ್ ಸಿಗುವ ಹಲಸಿನ ಮರದ ಕೆಳಗೆ ಹೋಗಿ ಫೋನ್ ಮಾಡಿದರು. ಆ ಕಡೆಯವನು ಭಾರೀ ಮರ್ಯಾದಸ್ಥ. ಎರಡು ಲಕ್ಷ ಕೊಡ್ತೀನಿ ಸಾರ್, ಮೊದಲು ರಿಜಿಸ್ಟ್ರೇಷನ್ ಫೀಸು ಹಾಕಿ ಎಂದ. "ಅದನ್ನ ಎರಡು ಲಕ್ಷದಲ್ಲೇ ಹಿಡ್ಕೊಂಡು ಮಿಕ್ಕಿದ್ದು ಕಳಿಸಪ್ಪಾ" ಎಂದರು ಇವರು. ಲೈನ್ ಕಟ್ಟಾಯಿತು. ಈ ಸಲ ಮಾತ್ರ ಅದು ನೆಟ್‌ವರ್ಕಿನ ತಪ್ಪಲ್ಲ. ಹಳೇ ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ, ತನ್ನ ಹೆಸರಲ್ಲಿ ಫೀಸು ಕೇಳಿದರೆ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅಪರೂಪದ ನಾಣ್ಯಕ್ಕೆ ಸಂಗ್ರಹ ಮಾಡುವವರು ಒಳ್ಳೇ ಬೆಲೆ ಕೊಡುತ್ತಾರೆ ಅನ್ನೋದೇನೋ ನಿಜ. ಆದರೆ ಖಡ್ಗಮೃಗದ ನಾಲ್ಕಾಣೆಗೆಲ್ಲ ಲಕ್ಷ ಬರುವುದಾದರೆ ನಮ್ಮ ಕಾಲದ ಮಕ್ಕಳೆಲ್ಲ ಪೆಪ್ಪರಮಿಂಟಿಗೇ ಆಸ್ತಿ ಕರಗಿಸಿದ್ದೀವಿ.

ಬ್ಯಾಂಕಿಗೆ ಹೋದೆ. ಕ್ಯಾಶಿಯರ್ ಡಬ್ಬ ನೋಡಿ, "ಮೇಡಂ, 2011ರ ಜೂನ್ 29ಕ್ಕೆ ಬಂದಿದ್ರೆ ಬದಲಾಯಿಸಿ ಕೊಡಬಹುದಿತ್ತು" ಎಂದರು, ನಿನ್ನೆ ಮಧ್ಯಾಹ್ನ ತಪ್ಪಿಹೋಯಿತು ಅನ್ನುವ ದನಿಯಲ್ಲಿ. ಆಮೇಲೆ ಎಂಟಾಣೆಗಳನ್ನು ಬೇರೆ ಮಾಡಿ, "ಇವು ಈಗಲೂ ನಡೆಯುತ್ತವೆ. ಹತ್ತು ರೂಪಾಯಿ ತನಕ ಎಂಟಾಣೆಯಲ್ಲೇ ಕೊಡಬಹುದು, ಕಾನೂನೇ ಇದೆ" ಎಂದು ಧೈರ್ಯ ತುಂಬಿದರು.

ಆ ಧೈರ್ಯದಲ್ಲೇ ಸಂತೆಗೆ ಹೋಗಿ ಕಣಿಲೆ ಮಾರುವವಳ ಮುಂದೆ ಎಂಟಾಣೆ ಸುರಿದೆ. ಅವಳು ಒಂದನ್ನು ಎತ್ತಿ, ತಿರುಗಿಸಿ ನೋಡಿ, ವಾಪಸ್ ಇಟ್ಟಳು. ಕಾನೂನು ಹೇಳಿದೆ. "ಹಂಗಾದ್ರೆ ಕಾನೂನೇ ಒಯ್ದು ಪಲ್ಯ ಮಾಡ್ಕೊಳ್ಳಿ ಅಕ್ಕಾ" ಎಂದು ಕಣಿಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಗುಜರಿಯವನದ್ದು ಇನ್ನೊಂದು ಕಥೆ. ಚೌಕದ ಒಂದು ಪೈಸೆ ತೂಗುವುದು ಮುಕ್ಕಾಲು ಗ್ರಾಂ. ಕೆಜಿಗೆ ಸುಮಾರು 1,333 ಬೇಕು. ಅಷ್ಟನ್ನೂ ಎಣಿಸಿದರೆ ಹದಿಮೂರು ರೂಪಾಯಿ ಚಿಲ್ಲರೆ. ಒಂದು ಕೆಜಿ ಹಳೇ ಅಲ್ಯೂಮಿನಿಯಂ ಪಾತ್ರೆಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ದುಡ್ಡಾಗಿದ್ದಾಗ ಇಲ್ಲದ ಬೆಲೆ ತಗಡಾದ ಮೇಲೆ ಬಂದಿದೆ ಅಂತ ಖುಷಿಯಾದೆ. ಅವನು ಮಾತ್ರ ಸಿಂಹದ ಮುದ್ರೆ ನೋಡಿದ್ದೇ, "ಬೇಡಮ್ಮಾ, ಪೊಲೀಸ್ ಕೇಸಾದ್ರೆ ಯಾರು ಓಡಾಡೋದು? ಕುಕ್ಕರ್ ಇದ್ರೆ ಕೊಡಿ" ಎಂದ. ಅಡುಗೆಮನೆ ಕಡೆ ಕಣ್ಣು ಹಾಯಿಸಿದ್ದು ನನಗೆ ಇಷ್ಟವಾಗಲಿಲ್ಲ.

ಅತ್ತೆ ಹೊಸ ದಾರಿ ಹೇಳಿದರು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥೋದ್ಭವದ ಹೊತ್ತಿಗೆ ಜನ ನೀರಿಗೆ ಕಾಸು ಹಾಕುತ್ತಾರೆ, ಇದನ್ನೂ ಹಾಕಿಬಿಡೋಣ ಅಂತ. ಮಗ ಪರೀಕ್ಷೆ ಮಾಡಲು ಹೊರಟ. ಸೂರಿನ ಕೆಳಗೆ ತುಂಬಿದ್ದ ಹಂಡೆಯ ಮೇಲೆ ಒಂದು ಪೈಸೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮಲಗಿಸಿದ. ಅದು ಮುಳುಗಲೇ ಇಲ್ಲ! ಅಷ್ಟು ಹಗುರ. ನೀರಿನ ಮೇಲೆ ಚೌಕವಾಗಿ ಕೂತು ಗಾಳಿಗೆ ಆ ಕಡೆ ಈ ಕಡೆ ಸುತ್ತಾಡಿತು. ಅತ್ತೆ ಬಹಳ ಹೊತ್ತು ನೋಡಿ, "ಕಾವೇರಮ್ಮನಿಗೂ ಬೇಡ್ವೇನೋ" ಎಂದರು. ಎಸೆದರೆ ಮುಳುಗುತ್ತೆ ಅಜ್ಜೀ ಅಂತ ಮಗ ಹೇಳಿದ. ಅವರು ಕೇಳಿಸಿಕೊಳ್ಳಲಿಲ್ಲ. ಮುಡಿಪಿನ ಬದಲು 101 ರೂಪಾಯಿಯ ಹೊಸ ಗಂಟು ಕಟ್ಟಿ, ಡಬ್ಬವನ್ನು ನಮಗೆ ಬಿಟ್ಟುಕೊಟ್ಟರು. ಕಮಲದ ಹೂವಿನ ಇಪ್ಪತ್ತು ಪೈಸೆ ಮಾತ್ರ ಎತ್ತಿಟ್ಟುಕೊಂಡರು, ಬಂಗಾರದ ಬಣ್ಣದ್ದು, ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕಂತೆ.

ಕೊನೆಗೆ ಇವಕ್ಕೆ ಕೆಲಸ ಕೊಟ್ಟಿದ್ದು ಇಸ್ಪೀಟು. ಮಳೆಗಾಲದ ರಮ್ಮಿಗೆ ಹುಣಸೆಬೀಜ ಇಟ್ಟು ಆಡುತ್ತಿದ್ದೆವು. ಈಗ ಪೈಸೆ ಇಟ್ಟು ಆಡುತ್ತೇವೆ. ಹುಣಸೆಬೀಜ ಸೋತಾಗ ನಗುತ್ತಿದ್ದ ಜನ ಐದು ಪೈಸೆ ಸೋತರೆ ಮುಖ ಊದಿಸಿಕೊಳ್ಳುತ್ತಾರೆ. ಯಾವ ಅಂಗಡಿಯಲ್ಲೂ ಕಿಮ್ಮತ್ತಿಲ್ಲದ ದುಡ್ಡಿಗೆ ನಮ್ಮ ಜಗಲಿಯಲ್ಲಿ ಜಗಳವೇ ಆಗುತ್ತದೆ. ಶನಿವಾರಸಂತೆಯಿಂದ ಬಂದ ಭಾವ ಮೂರು ಆಟ ಬಿಡದೆ ಸೋತು, ಅತ್ತೆಗೆ ಹದಿನೈದು ಪೈಸೆ ಬಾಕಿ ಉಳಿಸಿಕೊಂಡರು. ಜೇಬು ತಡಕಿ, "ಅತ್ತೇ, ಒಂದು ರೂಪಾಯಿ ಫೋನ್‌ಪೇ ಮಾಡ್ತೀನಿ, ಬಾಕಿ ನೀವೇ ಇಟ್ಕೊಳ್ಳಿ" ಎಂದರು.

ಅತ್ತೆ ಎಲೆ ಕಲಸುತ್ತಾ, "ಬೇಡಪ್ಪಾ, ನಂಗೆ ಕ್ಯಾಶೇ ಬೇಕು" ಎಂದರು.