ಸತ್ಯಾಂಶ: ಅಪರೂಪದ ಬರ್ಬನ್ ಎಂದರೆ ಅತ್ಯುತ್ತಮ ಬರ್ಬನ್ನೇ?

ಬರ್ಬನ್ ಎಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ‘ಸೀಮಿತ ಸಂಖ್ಯೆಯಲ್ಲಿ ಹೊರಬರುವ ಪ್ರಯೋಗದ ಬರ್ಬನ್ ಶ್ರೇಷ್ಠ, ಅದಕ್ಕೇ ಅಷ್ಟು ಬೆಲೆ, ಮನೆಯಲ್ಲಿಟ್ಟರೆ ಇನ್ನೂ ಪಕ್ವವಾಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಅಮೆರಿಕದ ಕೆಂಟಕಿಯಲ್ಲಿರುವ ಬಫಲೋ ಟ್ರೇಸ್ ಡಿಸ್ಟಿಲರಿಯ ‘ಸಿಂಗಲ್ ಓಕ್ ಪ್ರಾಜೆಕ್ಟ್’ ಎಂಬ ಪ್ರಯೋಗ ನೋಡಿ. 96 ಓಕ್ ಮರ ಆರಿಸಿ, ಪ್ರತಿ ಮರದ ಬುಡದಿಂದೊಂದು, ಮೇಲ್ಭಾಗದಿಂದೊಂದು ಪೀಪಾಯಿ ಮಾಡಿದರು, ಒಟ್ಟು 192. ಧಾನ್ಯ, ಪೀಪಾಯಿಯ ಒಳಮೈ ಸುಡುವ ಮಟ್ಟ, ಗೋದಾಮು ಎಲ್ಲವನ್ನೂ ಬದಲಿಸಿ ನೋಡಿದರು. 2011ರಿಂದ 2015ರವರೆಗೆ ಬಾಟಲಿಗಳು ಹೊರಬಂದವು. ಕುಡಿದವರು ಕೊಟ್ಟ ಅಂಕಗಳಲ್ಲಿ ಗೆದ್ದದ್ದು 80ನೇ ಪೀಪಾಯಿ. ಉಳಿದ 191 ಗೆಲ್ಲಲಿಲ್ಲ, ಆದರೂ ಕಂಪನಿ ಆಗ ಸೂಚಿಸಿದ ಬೆಲೆ ಎಲ್ಲಕ್ಕೂ ಒಂದೇ, ಸುಮಾರು 46 ಡಾಲರ್. ಅದೂ 375 ಮಿಲಿಲೀಟರಿಗೆ, ಅಂದರೆ ಮಾಮೂಲಿ ಬಾಟಲಿಯ ಅರ್ಧಕ್ಕೆ! ಮರುಮಾರಾಟದಲ್ಲಿ ಇದರ ಮೇಲೆ ಏರುವ ದುಡ್ಡು ಅಭಾವಕ್ಕೆ ಕೊಡುವ ಬೆಲೆ, ರುಚಿಗಲ್ಲ.

ಇನ್ನು ಪಕ್ವವಾಗುವ ಮಾತು. ಬರ್ಬನ್ನಿಗೆ ಬಣ್ಣ, ವೆನಿಲ್ಲಾ ಪರಿಮಳ ಕೊಡುವುದು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ. ಗಾಜಿನೊಳಗೆ ಹೋದ ಮೇಲೆ ಆ ಕೆಲಸ ನಿಂತಂತೆ.

ಒಂದೇ ಅಂಶ ಬದಲಾದರೆ ರುಚಿ ಎಷ್ಟು ಬದಲಾಗುತ್ತದೆಂದು ಪಕ್ಕಪಕ್ಕ ಸವಿದು ನೋಡುವ ಕುತೂಹಲ ಇದ್ದವರಿಗೆ ಆಗಿನ ಮೂಲ ಬೆಲೆ ನ್ಯಾಯವಾಗಿತ್ತೆಂದೇ ನನ್ನ ಅಭಿಪ್ರಾಯ. ಬರೀ ಒಳ್ಳೆಯ ಬರ್ಬನ್ ಬೇಕಿದ್ದರೆ ಅದೇ ಡಿಸ್ಟಿಲರಿಯ ಮಾಮೂಲಿ ಬಾಟಲಿ ಸಾಕು.