ಟೈರ್ ಎತ್ತಬೇಕಾದ್ದು ಕಾಲು, ತೋಳಲ್ಲ
ವ್ಯಾಯಾಮಕ್ಕಾಗಿ ನೆಲದ ಮೇಲಿನ ದೊಡ್ಡ ಟೈರನ್ನು ಎತ್ತಿ ಮಗುಚುವ ಬಗ್ಗೆ ಬಂದ ಲೇಖನದಲ್ಲಿ ಬೆನ್ನು ನೇರವಾಗಿರಲಿ ಎಂದು ಹೇಳಿದ್ದು ಸರಿ. ಆದರೆ ಮೊಣಕೈ ಬಗ್ಗೆ ಒಂದು ಮಾತೂ ಇಲ್ಲ, ಅದೇ ನನಗೆ ಆತಂಕ. ಕೈ ಮಡಚಿ ಎಳೆದೆತ್ತಲು ಹೋದರೆ ಬೈಸೆಪ್ಸ್‌ನ (ತೋಳಿನ ಮುಂಭಾಗದ ಸ್ನಾಯು) ಸ್ನಾಯುರಜ್ಜು, ಅಂದರೆ ಅದನ್ನು ಮೂಳೆಗೆ ಜೋಡಿಸುವ ಪಟ್ಟಿ, ಮೊಣಕೈ ಹತ್ತಿರ ಹರಿಯಬಹುದು. ಪೂರ್ತಿ ಹರಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಗತಿ. ಕೈಗಳು ಹಗ್ಗದಂತೆ ನೇರವಾಗಿರಲಿ. ಪಾದಗಳನ್ನು ಸ್ವಲ್ಪ ಹಿಂದಿಟ್ಟು, ಎದೆ ಮತ್ತು ಭುಜವನ್ನು ಟೈರಿಗೆ ಒತ್ತಿ, ಕಾಲಿನ ಬಲದಿಂದ ಓರೆಯಾಗಿ ಮುಂದಕ್ಕೆ ತಳ್ಳಬೇಕು. ಸೊಂಟದ ಎತ್ತರಕ್ಕೆ ಬಂದಾಗ ಒಂದು ಮೊಣಕಾಲನ್ನು ಟೈರಿಗೆ ಆನಿಸಿದರೆ ಅಂಗೈ ತಿರುಗಿಸಿ ತಳ್ಳಲು ಸಮಯ ಸಿಗುತ್ತದೆ. ಅರ್ಧಕ್ಕೆ ನಿಂತುಹೋದರೆ ಹಠ ಬೇಡ, ಬಿಟ್ಟು ತಕ್ಷಣ ಹಿಂದೆ ಸರಿಯಿರಿ. ಹೊಸಬರು ದಯವಿಟ್ಟು ಮೊದಲು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೇರ ನಿಲ್ಲುವ ವ್ಯಾಯಾಮ) ಕಲಿಯಿರಿ. ಟೈರ್ ಬೀಳುವ ಕಡೆ ಯಾರೂ ನಿಂತಿರಬಾರದು.